ತಪ್ಪು ಭಾಷೆಯದು, ಬೈಗುಳ ನಮಗೆ: ನಿಮ್ಮ ದಿನಗಟ್ಟಲೆ ಹೊತ್ತು ತಿಂದ ಫೀಚರ್ ಯಾವುದು?

ಸಂಜೆ_ಕ್ಲಾಸ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ನಾನು ಕಲಬುರಗಿಯಲ್ಲಿ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಚಿಕ್ಕ ಕ್ಲಾಸ್, ಎಂಟು ಕಂಪ್ಯೂಟರ್, ಹದಿನಾಲ್ಕು ಮಕ್ಕಳು. ಅರ್ಧದಷ್ಟು ಮಕ್ಕಳು ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು, ಬಸ್ಸಿಗೆ ಬಂದು ಬಸ್ಸಿಗೇ ಹೋಗುತ್ತಾರೆ.

ಹೋದ ವಾರ ನಡೆದದ್ದು ಹೇಳುತ್ತೇನೆ. ಬಿಎಸ್‌ಸಿ ಎರಡನೇ ವರ್ಷದ ಒಬ್ಬ ಹುಡುಗಿ, ತನ್ನ ಅಣ್ಣ ಊರಲ್ಲಿ ನಡೆಸುವ ಟ್ಯೂಷನ್‌ಗೆ ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪುಟ ಮಾಡಿದ್ದಳು. ಮಾರ್ಕ್ಸ್ ತುಂಬಿದರೆ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ತೋರಿಸಬೇಕು, ಅಷ್ಟೇ. ಮೊದಲ ಟೆಸ್ಟಿನ ಮಾರ್ಕ್ಸ್ 45, 72, 68, 51. ಸರಿಯಾಗಿ ಬಂತು. ಮನೆಯವರೆಲ್ಲ ನೋಡಿ ಖುಷಿಪಟ್ಟರು. ಎರಡನೇ ಟೆಸ್ಟಿನಲ್ಲಿ ಒಬ್ಬನಿಗೆ ನೂರಕ್ಕೆ ನೂರು ಬಂತು, ಇನ್ನೊಬ್ಬನಿಗೆ 9. ಆಗ ಪುಟ ತೋರಿಸಿದ್ದು 100, 45, 72, 9. ನೂರು ತೆಗೆದವನು ಎಲ್ಲರಿಗಿಂತ ಹಿಂದೆ, ಒಂಬತ್ತು ತೆಗೆದವನು ಎಲ್ಲರಿಗಿಂತ ಮುಂದೆ.

ಎರಡು ದಿನ ಅವಳು ಹುಡುಕಿದ್ದಾಳೆ. ಪೂರ್ತಿ ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದುಕೊಂಡು, ಒಂದೊಂದು ಸಾಲಿನ ಮುಂದೆ ಪೆನ್ಸಿಲಿನಿಂದ ಟಿಕ್ ಹಾಕಿಕೊಂಡು ಬಂದಿದ್ದಳು. ಎಲ್ಲಾ ಸಾಲಿಗೂ ಟಿಕ್ ಇತ್ತು. "ಮೇಡಂ, ಇದು ನನ್ನ ತಲೆಗೆ ಹತ್ತೋದಿಲ್ಲ, ಬಿಟ್ಟುಬಿಡ್ತೀನಿ" ಅಂದಳು. ಆ ಟಿಕ್‌ಗಳನ್ನು ನೋಡಿ ನನಗೆ ಬಹಳ ಸಂಕಟ ಆಯಿತು. ಯಾಕಂದರೆ ಅವಳ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಜಾವಾಸ್ಕ್ರಿಪ್ಟ್‌ನ ಸಾರ್ಟ್‌ಗೆ ಹೇಗೆ ಹೋಲಿಸಬೇಕು ಅಂತ ನಾವೇ ಹೇಳಿಕೊಡದಿದ್ದರೆ, ಅದು ಸಂಖ್ಯೆಗಳನ್ನೂ ಅಕ್ಷರ ಅಂತ ತಿಳಿದು ನಿಘಂಟಿನಲ್ಲಿ ಶಬ್ದ ಜೋಡಿಸಿದ ಹಾಗೆ ಜೋಡಿಸುತ್ತದೆ. 100 ಶುರುವಾಗುವುದು 1ರಿಂದ, ಹಾಗಾಗಿ ಮೊದಲು. 9 ಕೊನೆಗೆ. ಎಲ್ಲಾ ಮಾರ್ಕ್ಸೂ ಎರಡಂಕಿ ಇರುವ ತನಕ ಇದು ಗೊತ್ತೇ ಆಗುವುದಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸುಮ್ನೆ ತಪ್ಪು ಉತ್ತರ.

ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಮಾಡಿದರು ಅನ್ನುವುದು ನಿಮಗೆಲ್ಲ ಗೊತ್ತಿರುತ್ತದೆ. ಅವಸರದಲ್ಲಿ ಹುಟ್ಟಿದ ಭಾಷೆ, ಸರಿ. ಆದರೆ ಈಗ ತಿದ್ದಲಿಕ್ಕೂ ಬರುವುದಿಲ್ಲ. ತಿದ್ದಿದರೆ ಹಳೆಯ ವೆಬ್ ಪುಟಗಳು ಮುರಿಯುತ್ತವೆ. ಹಾಗಾಗಿ ಮೂವತ್ತು ವರ್ಷದ ಕೆಳಗಿನ ಒಂದು ತೀರ್ಮಾನದ ಬಿಸಿ ಈಗ ಆಳಂದ ತಾಲ್ಲೂಕಿನ ಹುಡುಗಿಗೆ ತಟ್ಟುತ್ತಿದೆ.

ನನ್ನ ಪ್ರಶ್ನೆ ಇದು. ನಿಮ್ಮ ದಿನಗಟ್ಟಲೆ ಹೊತ್ತು ತಿಂದ, ತಪ್ಪು ನಿಮ್ಮದಲ್ಲ ಭಾಷೆಯದೇ ಅಂತ ಆಮೇಲೆ ಗೊತ್ತಾದ ಫೀಚರ್ ಯಾವುದು? "ಆ ಭಾಷೆ ದಂಡ, ಈ ಭಾಷೆ ಚಲೋ" ಅನ್ನುವ ಜಗಳ ಬೇಡ. ಏನು ಬರೆದಿರಿ, ಏನು ಬಂತು, ಯಾಕೆ ಹಾಗೆ ಬಂತು ಅಂತ ಹೇಳಿ. ನಾನು ಅದನ್ನೇ ಕ್ಲಾಸಿಗೆ ಒಯ್ಯುತ್ತೇನೆ.

---

ಕೋಟೆ_ಸರ್ವರ್ (ಬೀದರ್)

ಮೇಡಂ, ಆ ನೋಟ್‌ಬುಕ್ಕಿನ ಮಾತು ಓದಿ ನನಗೆ ನನ್ನ ಮೊದಲ ಕೆಲಸ ನೆನಪಾಯಿತು.

ಆಗ ನಾನು ಒಂದು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಗಿನ ಜಾವ ಒಂದು ಬ್ಯಾಷ್ ಸ್ಕ್ರಿಪ್ಟ್ (ಸರ್ವರ್‌ಗೆ ಸಾಲು ಸಾಲಾಗಿ ಕೊಡುವ ಕಮಾಂಡ್‌ಗಳ ಫೈಲು) ಓಡಬೇಕು. ಈಗಿನ ತಿಂಗಳಿನಿಂದ ಒಂದು ಕಳೆದು, ಹಿಂದಿನ ತಿಂಗಳ ವರದಿ ತೆಗೆದು ಸಾಹೇಬರಿಗೆ ಮೇಲ್ ಮಾಡಬೇಕು. ನಾನು ಅದನ್ನು ಫೆಬ್ರವರಿಯಲ್ಲಿ ಬರೆದೆ. ಮಾರ್ಚ್, ಏಪ್ರಿಲ್, ಹೀಗೆ ಜುಲೈ ತನಕ ಒಂದು ದಿನವೂ ತಪ್ಪಲಿಲ್ಲ. ಆಗಸ್ಟ್ ಒಂದಕ್ಕೆ ವರದಿ ಬರಲಿಲ್ಲ. ಸೆಪ್ಟೆಂಬರ್ ಒಂದಕ್ಕೂ ಬರಲಿಲ್ಲ. ಎರಡೂ ಸಲ ಕೈಯಲ್ಲೇ ವರದಿ ಮಾಡಿ ಕಳಿಸಿದೆ, ಬೈಸಿಕೊಂಡೆ. ಅಕ್ಟೋಬರಿನಲ್ಲಿ ನಾನು ಏನೂ ಮುಟ್ಟದೆ ತಾನಾಗಿಯೇ ಸರಿಹೋಯಿತು! ಡಿಸ್ಕ್ ತುಂಬಿತ್ತೇನೋ, ನೆಟ್‌ವರ್ಕ್ ಹೋಗಿತ್ತೇನೋ ಅಂತ ಎಲ್ಲರೂ ಕೈಬಿಟ್ಟರು, ನಾನೂ ಕೈಬಿಟ್ಟೆ. ಮರುವರ್ಷ ಆಗಸ್ಟ್ ಒಂದಕ್ಕೆ ಮತ್ತೆ ನಿಂತಿತು. ಆಗ ಹಟ ಹಿಡಿದು ಕೂತೆ.

ಕಾರಣ ಒಂದು ಸೊನ್ನೆ. ಬ್ಯಾಷ್‌ನಲ್ಲಿ ಸಂಖ್ಯೆಯ ಮುಂದೆ ಸೊನ್ನೆ ಇದ್ದರೆ ಅದು ಎಂಟರ ಪದ್ಧತಿಯ ಸಂಖ್ಯೆ, ಅಂದರೆ ಆಕ್ಟಲ್. ಡೇಟ್ ಕಮಾಂಡ್ ತಿಂಗಳನ್ನು 01, 02 ಅಂತ ಎರಡಂಕಿಯಲ್ಲಿ ಕೊಡುತ್ತದೆ. 01ರಿಂದ 07ರ ತನಕ ಎರಡು ಪದ್ಧತಿಯಲ್ಲೂ ಬೆಲೆ ಒಂದೇ, ಹಾಗಾಗಿ ತೊಂದರೆ ಕಾಣುವುದಿಲ್ಲ. ಎಂಟರ ಪದ್ಧತಿಯಲ್ಲಿ 8 ಮತ್ತು 9 ಅನ್ನುವ ಅಂಕಿಗಳೇ ಇಲ್ಲ. ಆದ್ದರಿಂದ 08 ಮತ್ತು 09 ಬಂದ ಕೂಡಲೇ ಲೆಕ್ಕ ಅಲ್ಲೇ ನಿಲ್ಲುತ್ತದೆ. 10, 11, 12ಕ್ಕೆ ಮುಂದೆ ಸೊನ್ನೆ ಇಲ್ಲ, ಮತ್ತೆ ಎಲ್ಲಾ ಸರಿ. ವರ್ಷದಲ್ಲಿ ಎರಡೇ ತಿಂಗಳು ಕೆಡುವ ಪ್ರೋಗ್ರಾಮ್!

ನಮ್ಮ ಕಡೆಯ ಎಸ್‌ಟಿಡಿ ಕೋಡ್‌ಗಳನ್ನೇ ನೋಡಿ. ಕಲಬುರಗಿ 08472, ಬೀದರ್ 08482, ಯಾದಗಿರಿ 08473. ಇವನ್ನು ಸಿ ಭಾಷೆಯಲ್ಲಿ ಹಾಗೇ ಸಂಖ್ಯೆ ಅಂತ ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ, 8 ತಪ್ಪು ಅಂಕಿ ಅನ್ನುತ್ತದೆ. ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಬಾಯಿ ಬಿಟ್ಟು ಹೇಳುತ್ತದೆ. 8 ಮತ್ತು 9 ಇಲ್ಲದ ಸಂಖ್ಯೆ ಆಗಿದ್ದರೆ ಸುಮ್ನೆ ಬೇರೆ ಬೆಲೆ ಇಟ್ಟುಕೊಳ್ಳುತ್ತಿತ್ತು. ಸಿಯಲ್ಲಿ 010 ಅಂದರೆ ಹತ್ತಲ್ಲ, ಎಂಟು. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ (ಪಠ್ಯವನ್ನು ಸಂಖ್ಯೆ ಮಾಡುವ ಫಂಕ್ಷನ್) ಕೂಡ ಹಳೆಯ ಬ್ರೌಸರ್‌ಗಳಲ್ಲಿ "08" ಕೊಟ್ಟರೆ 0 ಅನ್ನುತ್ತಿತ್ತು. 2009ರಲ್ಲಿ ನಿಯಮ ಬದಲಾಯಿಸಿ ಅದನ್ನು ತಿದ್ದಿದರು.

ಇದರ ಬೇರು ಬಹಳ ಹಳೆಯದು. ಸಿಗಿಂತ ಮೊದಲು ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮಾಡಿದ ಬಿ ಭಾಷೆಯಲ್ಲೇ ಈ ಸೊನ್ನೆ ಇತ್ತು. ಆಗಿನ ಪಿಡಿಪಿ-7 ಯಂತ್ರದಲ್ಲಿ ಒಂದು ವರ್ಡ್‌ಗೆ, ಅಂದರೆ ಯಂತ್ರ ಒಂದೇ ಸಲ ಹಿಡಿಯುವ ತುಂಡಿಗೆ, 18 ಬಿಟ್. ಮೂರು ಮೂರು ಬಿಟ್ ಸೇರಿಸಿ ಓದಿದರೆ ಸರಿಯಾಗಿ ಆರು ಆಕ್ಟಲ್ ಅಂಕಿ, ಅವರಿಗೆ ಅದು ಅನುಕೂಲ. ಆ ಯಂತ್ರ ಹೋಯಿತು, ಸೊನ್ನೆ ಉಳಿಯಿತು. ಇವತ್ತು ಫೈಲಿಗೆ 755 ಅಂತ ಪರ್ಮಿಷನ್ ಕೊಡುವುದು ಬಿಟ್ಟರೆ ನಾನು ಆಕ್ಟಲ್ ಬಳಸಿದ್ದೇ ನೆನಪಿಲ್ಲ. ಪೈಥಾನ್ 3ರವರು ಮಾಡಿದ್ದು ಸರಿ ಅನಿಸುತ್ತದೆ. ಅಲ್ಲಿ 010 ಅಂತ ಬರೆದರೆ ನೇರ ಎರರ್. ಆಕ್ಟಲ್ಲೇ ಬೇಕಿದ್ದರೆ ಮೊದಲು ಸೊನ್ನೆ, ಅದಾದ ಮೇಲೆ ಓ (o) ಅಕ್ಷರ ಹಾಕಿ ಬಾಯಿಬಿಟ್ಟು ಹೇಳಬೇಕು.

---

ಸಗರನಾಡು_ಸಿ (ಶಹಾಪುರ, ಯಾದಗಿರಿ ಜಿಲ್ಲೆ)

ನನ್ನದು ಸಿ ಕಥೆ, ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಡಿಪ್ಲೊಮಾ ಓದುವಾಗ ನಮ್ಮ ಲ್ಯಾಬಿನಲ್ಲಿ ಟರ್ಬೊ ಸಿ, ಅದೇ ನೀಲಿ ಪರದೆ. ನಮ್ಮ ಅಪ್ಪ ತೊಗರಿ ಬೆಳೆಯುತ್ತಾರೆ, ಹಾಗಾಗಿ ನಾನು ಮೊದಲು ಬರೆದದ್ದೇ ತೊಗರಿ ಲೆಕ್ಕ. ಎಷ್ಟು ಕ್ವಿಂಟಲ್, ಏನು ರೇಟು, ಒಟ್ಟು ಎಷ್ಟು. 5 ಕ್ವಿಂಟಲ್, 8000 ರೂಪಾಯಿ ಅಂತ ಸುಮ್ನೆ ಹಿಡಿಯಿರಿ. ನಲವತ್ತು ಸಾವಿರ ಬರಬೇಕು ಅಲ್ವಾ? ಆ ಕಂಪೈಲರ್‌ನಲ್ಲಿ ಬರುವುದು ಮೈನಸ್ 25536. ನನ್ನ ಕೈಲೂ ಇಂಥದ್ದೇ ಒಂದು ಮೈನಸ್ ಬಂತು, ಗಾಬರಿಯಾದೆ. ಮೇಷ್ಟ್ರನ್ನು ಕೇಳಿದರೆ "ಲಾಂಗ್ ಹಾಕು" ಅಂದರು. ಹಾಕಿದೆ (ಅದು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಬಗೆ), ಸರಿಹೋಯಿತು. ಯಾಕೆ ಅಂತ ಗೊತ್ತಾದದ್ದು ಮೂರು ವರ್ಷದ ಮೇಲೆ.

ಯಾಕೆ ಅಂದರೆ ಅಲ್ಲಿ ಪೂರ್ಣ ಸಂಖ್ಯೆ ಇಡುವ ಇಂಟ್‌ಗೆ 16 ಬಿಟ್, ಗರಿಷ್ಠ 32767. ಅದಕ್ಕಿಂತ ಮೇಲೆ ಹೋದರೆ ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ಹಿಂದಕ್ಕೆ ಬರುತ್ತದೆ. 40000ದಿಂದ 65536 ಕಳೆಯಿರಿ, ಅದೇ ಮೈನಸ್ 25536. ಈಗಿನ ಕಂಪೈಲರ್‌ಗಳಲ್ಲಿ ಸಾಮಾನ್ಯವಾಗಿ 32 ಬಿಟ್, ಗರಿಷ್ಠ 2147483647. ಹತ್ತಂಕಿ ಇದೆ ಅಂತ ಮೋಸ ಹೋಗಬೇಡಿ. ನಮ್ಮ ಮೊಬೈಲ್ ನಂಬರ್‌ಗಳು 6ರಿಂದ 9ರ ಒಳಗೆ ಶುರುವಾಗುತ್ತವೆ, ಒಂದೂ ಇದರಲ್ಲಿ ಹಿಡಿಸುವುದಿಲ್ಲ. ಮೊದಲ ವರ್ಷದ ಮಕ್ಕಳು ಪ್ರತಿ ಸಲ ಮೊಬೈಲ್ ನಂಬರನ್ನು ಇಂಟ್‌ನಲ್ಲೇ ಇಡುತ್ತಾರೆ. ಯಾಕೆ ಇಡಬಾರದು ಹೇಳಿ, ಅದು ನೋಡಲಿಕ್ಕೆ ಸಂಖ್ಯೆಯೇ ತಾನೆ.

ಇನ್ನೊಂದು, ಇದು ಪರೀಕ್ಷೆಯದು. ಐ (i) ಅನ್ನುವ ವೇರಿಯಬಲ್‌ಗೆ 5 ಕೊಟ್ಟು ಐ++ + ++ಐ ಬೆಲೆ ಎಷ್ಟು (++ ಅಂದರೆ ಒಂದು ಕೂಡಿಸು) ಅನ್ನುವ ಪ್ರಶ್ನೆ ಎಲ್ಲಾ ಕಾಲೇಜಿನಲ್ಲೂ ಬರುತ್ತದೆ. ನಾನು ನನ್ನ ಕಂಪ್ಯೂಟರಿನಲ್ಲಿ ಬಂದ ಉತ್ತರ ಬರೆದೆ, ಸೊನ್ನೆ ಕೊಟ್ಟರು. ಪಕ್ಕದವನು ಪುಸ್ತಕದ ಉತ್ತರ ಬರೆದ, ಪೂರ್ತಿ ಮಾರ್ಕ್ಸ್. ನಿಜ ಏನೆಂದರೆ ಸಿ ಭಾಷೆಯ ನಿಯಮದ ಪ್ರಕಾರ ಆ ಸಾಲಿಗೆ ಉತ್ತರವೇ ಇಲ್ಲ. ಒಂದೇ ಲೆಕ್ಕದೊಳಗೆ ಐ ಎರಡು ಸಲ ಬದಲಾಗುತ್ತದೆ, ಯಾವುದು ಮೊದಲು ಅಂತ ಭಾಷೆ ಹೇಳುವುದಿಲ್ಲ, ಕಂಪೈಲರ್ ಏನು ಬೇಕಾದರೂ ಮಾಡಬಹುದು. ಬೇರೆ ಬೇರೆ ಯಂತ್ರದಲ್ಲಿ ಕಂಪೈಲರ್ ಬರೆಯುವವರಿಗೆ ಕೈ ಸಡಿಲ ಇರಲಿ ಅಂತ ಬಿಟ್ಟದ್ದು ಅದು. ಅದೇ ಸಾಲನ್ನು ಜಾವಾದಲ್ಲಿ ಬರೆದರೆ ಎಡದಿಂದ ಬಲಕ್ಕೆ ಅಂತ ನಿಯಮ ಇದೆ, 5 ಪ್ಲಸ್ 7, ಉತ್ತರ 12, ಎಲ್ಲಿ ಓಡಿಸಿದರೂ 12. ಮೇಡಂ, ನಿಮ್ಮ ಮಕ್ಕಳಿಗೆ ದಯವಿಟ್ಟು ಇದೊಂದು ಹೇಳಿಬಿಡಿ. ಆ ಪ್ರಶ್ನೆಗೆ ಸರಿ ಉತ್ತರ "ಹೀಗೆ ಬರೆಯಬಾರದು" ಅನ್ನುವುದೇ.

ಗೆಟ್ಸ್ ಬಗ್ಗೆಯೂ ಒಂದು ಮಾತು. ಬರುವ ಅಕ್ಷರ ಎಷ್ಟು, ಇರುವ ಜಾಗ ಎಷ್ಟು ಅಂತ ನೋಡದೆ ತುಂಬುವ ಫಂಕ್ಷನ್ ಅದು. 1988ರ ನವೆಂಬರಿನಲ್ಲಿ ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ (ತಾನಾಗಿಯೇ ಹರಡುವ ಪ್ರೋಗ್ರಾಮ್) ಒಳನುಗ್ಗಿದ ದಾರಿಗಳಲ್ಲಿ ಇದೂ ಒಂದು. ಸಿ ನಿಯಮದಿಂದ ಅದನ್ನು ಪೂರ್ತಿ ತೆಗೆದದ್ದು 2011ರಲ್ಲಿ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಆಮೇಲೂ ಇತ್ತು.

---

ಪಾವು_ಪ್ರೋಗ್ರಾಮ್ (ಬಸವಕಲ್ಯಾಣ)

ನಾನಿನ್ನೂ ಓದುತ್ತಿದ್ದೇನೆ, ಚಿಕ್ಕದೊಂದು ಹೇಳುತ್ತೇನೆ. ಪೈಥಾನ್‌ನಲ್ಲಿ ಹಾಜರಿ ಫಂಕ್ಷನ್ ಬರೆದೆ. ಹೆಸರು ಕೊಟ್ಟರೆ ಪಟ್ಟಿಗೆ ಸೇರಿಸಬೇಕು, ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿಯಿಂದ ಶುರು ಮಾಡಬೇಕು ಅಂತ ಡಿಫಾಲ್ಟ್ ಜಾಗದಲ್ಲಿ ಖಾಲಿ ಚೌಕ ಬ್ರಾಕೆಟ್ ಹಾಕಿದೆ. ಬೆಳಗಿನ ಬ್ಯಾಚಿಗೆ ಸರಿ ಬಂತು. ಮಧ್ಯಾಹ್ನದ ಬ್ಯಾಚಿಗೆ ಕರೆದರೆ ಬೆಳಗಿನ ಹೆಸರುಗಳೂ ಅದರಲ್ಲೇ! ಪೈಥಾನ್ ಆ ಖಾಲಿ ಪಟ್ಟಿಯನ್ನು ಫಂಕ್ಷನ್ ಕರೆದಾಗಲೆಲ್ಲ ಹೊಸದಾಗಿ ಮಾಡುವುದಿಲ್ಲ, ಡೆಫ್ ಸಾಲು ಓಡಿದಾಗ ಒಂದೇ ಸಲ ಮಾಡಿ ಅದನ್ನೇ ಇಟ್ಟುಕೊಳ್ಳುತ್ತದೆ. ಡಿಫಾಲ್ಟ್‌ಗೆ ನನ್ (None, ಅಂದರೆ ಏನೂ ಇಲ್ಲ) ಕೊಟ್ಟು, ಒಳಗೆ ಹೋದ ಮೇಲೆ ಪಟ್ಟಿ ಮಾಡಿಕೊಳ್ಳಬೇಕು. ನನ್ನ ಸೀನಿಯರ್ ಅಕ್ಕ ಹೇಳಿಕೊಡುವ ತನಕ ಕಂಪ್ಯೂಟರಿನಲ್ಲಿ ವೈರಸ್ ಇದೆ ಅಂತಲೇ ನಂಬಿದ್ದೆ.

---

ಕಾಗಿಣಾ_ವೆಬ್ (ಚಿತ್ತಾಪುರ)

ಇಷ್ಟೆಲ್ಲಾ ಬಂತು, ನಮ್ಮ ಕನ್ನಡದ ಗೋಳು ಯಾರೂ ಹೇಳಲಿಲ್ಲವಲ್ಲ. ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂದು ಓದುವ ಮನೆಗೆ ಸದಸ್ಯರ ಕಾರ್ಡ್ ಮಾಡಿಕೊಟ್ಟೆ, ಪಿಎಚ್‌ಪಿಯಲ್ಲಿ. ಕಾರ್ಡ್ ಸಣ್ಣದು, ಊರಿನ ಹೆಸರಿಗೆ ಎಂಟು ಅಕ್ಷರದ ಜಾಗ. ಜಾಸ್ತಿ ಇದ್ದರೆ ಕತ್ತರಿಸಿ ಅಂದರು. ಬಸವಕಲ್ಯಾಣ ಅಂದರೆ ಆರು ಅಕ್ಷರ, ಚಿತ್ತಾಪುರ ಅಂದರೆ ನಾಲ್ಕು, ಕತ್ತರಿಸುವ ಪ್ರಶ್ನೆಯೇ ಇಲ್ಲ ಅಂದುಕೊಂಡೆ. ಪ್ರಿಂಟ್ ತೆಗೆದರೆ "ಬಸ" ಆದ ಮೇಲೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ. ನಮ್ಮೂರು "ಚಿ" ಆಗಿ ಅದೇ ವಜ್ರ.

ಪಿಎಚ್‌ಪಿಯ ಸಾದಾ ಸ್ಟ್ರಿಂಗ್ ಫಂಕ್ಷನ್‌ಗಳು ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ಅಕ್ಷರಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಎಂಟು ಬೈಟಿಗೆ ಕತ್ತರಿಸಿದರೆ ಎರಡು ಚಿಹ್ನೆ ಪೂರ್ತಿ, ಮೂರನೆಯದರ ತುಂಡು. ಆ ತುಂಡೇ ವಜ್ರ. ಸರಿ, ಎಂಬಿ ಅಂತ ಶುರುವಾಗುವ ಫಂಕ್ಷನ್ ಬಳಸು ಅಂದರು, ಬಳಸಿದೆ. ವಜ್ರ ಹೋಯಿತು. ಈಗ ಬಂದದ್ದು "ಬಸವಕಲ್ಯಾ" ಮತ್ತು "ಚಿತ್ತಾಪು". ಯಾಕಂದರೆ ಈ ಫಂಕ್ಷನ್ ವ್ಯಂಜನ ಒಂದು, ಕಾಗುಣಿತದ ಚಿಹ್ನೆ ಒಂದು, ಅರ್ಧಾಕ್ಷರದ ಚಿಹ್ನೆ ಒಂದು ಅಂತ ಬೇರೆ ಬೇರೆ ಎಣಿಸುತ್ತದೆ. ಲ್ಯಾ ಅನ್ನುವುದು ನಮಗೆ ಒಂದಕ್ಷರ, ಅದಕ್ಕೆ ನಾಲ್ಕು.

"ಬೀದರ್" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಬೈಟ್ ಎಣಿಸಿದರೆ 15. ಯೂನಿಕೋಡ್ ಚಿಹ್ನೆ ಎಣಿಸಿದರೆ 5. ಒಂದನೇ ಕ್ಲಾಸಿನ ಮಗು ಎಣಿಸಿದರೆ 3. ಮೂರೂ ನಿಜವೇ, ಆದರೆ ಭಾಷೆಗಳು ಇದಕ್ಕೆಲ್ಲ ಬರೀ "ಉದ್ದ" ಅಂತ ಒಂದೇ ಹೆಸರು ಇಟ್ಟಿವೆ, ಯಾವುದರ ಉದ್ದ ಅಂತ ಹೇಳುವುದಿಲ್ಲ. ನನ್ನ ತಕರಾರು ಅದು. ಇಂಗ್ಲಿಷಿನಲ್ಲಿ ಮೂರೂ ಲೆಕ್ಕ ಒಂದೇ ಬರುತ್ತದೆ, ಹಾಗಾಗಿ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಯಾವತ್ತೂ ಕಾಣುವುದಿಲ್ಲ. ಮೇಡಂ ಹೇಳಿದ ಎರಡಂಕಿ ಮಾರ್ಕ್ಸ್ ಥರವೇ.

ಇನ್ನೊಂದು ಪ್ರಯೋಗ ಹೇಳುತ್ತೇನೆ, ಕ್ಲಾಸಿನಲ್ಲಿ ಮಾಡಿಸಿ. ಹಿಂದು ಮುಂದು ಓದಿದರೂ ಒಂದೇ ಆಗುವ ಪದ ಹುಡುಕುವ ಪ್ರೋಗ್ರಾಮ್ ಎಲ್ಲರೂ ಬರೆದಿರುತ್ತಾರೆ. ಅದಕ್ಕೆ "ಕನಕ" ಕೊಡಿ, ಹೌದು ಅನ್ನುತ್ತದೆ. "ವಿಕಟಕವಿ" ಕೊಡಿ, ಅಲ್ಲ ಅನ್ನುತ್ತದೆ! ನಮ್ಮ ಮಕ್ಕಳು ಮೊಟ್ಟಮೊದಲು ಕಲಿಯುವ ಉದಾಹರಣೆಯೇ ಅದು. ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ ಆ ಪದವನ್ನು ಏಳು ತುಂಡು ಮಾಡಿ ತಿರುಗಿಸುತ್ತವೆ. ವಿ ಅನ್ನುವುದರ ಗುಡಿಸು ಕಳಚಿ ಮುಂದೆ ಬರುತ್ತದೆ, ಕ ಹೋಗಿ ಕಿ ಆಗುತ್ತದೆ. ಆ್ಯಪಲ್‌ನವರು 2014ರಲ್ಲಿ ತಂದ ಸ್ವಿಫ್ಟ್ ಭಾಷೆ ಇದರಲ್ಲಿ ಚಲೋ. ಅದು ಮೊದಲಿನಿಂದಲೂ ಓದುಗರ ಕಣ್ಣಿಗೆ ಕಾಣುವ ಅಕ್ಷರವನ್ನೇ ಒಂದು ಅಂತ ಹಿಡಿಯಲು ನೋಡುತ್ತದೆ, ವಿಕಟಕವಿಗೆ 5 ಅನ್ನುತ್ತದೆ, ತಿರುಗಿಸಿದರೂ ಕೆಡುವುದಿಲ್ಲ. ಪಿಎಚ್‌ಪಿಯಲ್ಲಿ ಗ್ರಾಫೀಮ್ ಅಂತ ಶುರುವಾಗುವ ಫಂಕ್ಷನ್‌ಗಳಿವೆ, ಜಾವಾಸ್ಕ್ರಿಪ್ಟ್‌ನಲ್ಲಿ ಈಗ ಹೀಗೆ ಅಕ್ಷರ ಬಿಡಿಸುವ ಸೆಗ್ಮೆಂಟರ್ ಬಂದಿದೆ. ಒತ್ತಕ್ಷರದ ಪದ ಕೊಟ್ಟು ಮಾತ್ರ ಒಮ್ಮೆ ನೋಡಿಕೊಳ್ಳಿ, ಒತ್ತನ್ನು ಬೇರೆ ಅಕ್ಷರ ಅಂತ ಎಣಿಸುವುದುಂಟು.

ಪಿಎಚ್‌ಪಿಯವರು ಪ್ರಯತ್ನವೇ ಮಾಡಲಿಲ್ಲ ಅಂತಲ್ಲ. ಆರನೇ ಆವೃತ್ತಿಯಲ್ಲಿ ಭಾಷೆಯ ಒಳಗೇ ಯೂನಿಕೋಡ್ ತರುವ ಕೆಲಸ ವರ್ಷಗಟ್ಟಲೆ ನಡೆಯಿತು. 2010ರಲ್ಲಿ ಕೈಬಿಟ್ಟರು. ಆರು ಬರಲೇ ಇಲ್ಲ, ಐದರಿಂದ ನೇರ ಏಳಕ್ಕೆ ಹೋದರು.

---

ಪಹಣಿ_ಆಪರೇಟರ್ (ಜೇವರ್ಗಿ)

ನಾನು ಪ್ರೋಗ್ರಾಮರ್ ಅಲ್ಲರೀ, ಸ್ಪ್ರೆಡ್‌ಶೀಟಿನಲ್ಲಿ ಫಾರ್ಮುಲಾ ಬರೆಯುತ್ತೇನೆ ಅಷ್ಟೇ. ಆದರೂ ಹೇಳಲೇಬೇಕು. ಸರ್ವೆ ನಂಬರ್ 12/2 ಅಂತ ಹೊಡೆದರೆ ಅದು ತಾರೀಖು ಆಗಿಬಿಡುತ್ತದೆ, 12-ಫೆಬ್. ನೂರಾರು ಸಾಲು ತುಂಬಿ ಆದ ಮೇಲೆ ನೋಡಿದೆ. ವಾಪಸ್ ಪಠ್ಯ ಮಾಡಿದರೆ ಹಳೆಯ ನಂಬರ್ ಬರುವುದಿಲ್ಲ, ಒಳಗೆ ಇಟ್ಟುಕೊಂಡ ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆ. ಮೂಲ ಹೋಗಿಯೇ ಹೋಯಿತು. ಪಹಣಿ ನೋಡಿ ಮತ್ತೆ ಮೊದಲಿನಿಂದ ತುಂಬಿದೆ. ಈಗ ಕಾಲಂ ಪೂರ್ತಿ ಮೊದಲೇ ಟೆಕ್ಸ್ಟ್ ಅಂತ ಮಾಡಿಟ್ಟೇ ಶುರು ಮಾಡುತ್ತೇನೆ. ವಿಜ್ಞಾನಿಗಳಿಗೂ ಇದೇ ಪಾಡು. ಮಾರ್ಚ್1, ಸೆಪ್ಟ್1 ಅನ್ನುವ ಜೀನ್ ಹೆಸರುಗಳು ಶೀಟಿನಲ್ಲಿ ತಾರೀಖು ಆಗುತ್ತಿದ್ದವು ಅಂತ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು.

---

ಸೇಡಂ_ಟು_ಬೆಂಗಳೂರು

ಎಲ್ಲಾ ಓದಿದೆ. ನನ್ನದು ಸ್ವಲ್ಪ ಬೇರೆ ಮಾತು, ಬೇಜಾರಾಗಬೇಡಿ.

ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದು ಸರಿಯಲ್ಲ ಅನಿಸುತ್ತದೆ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ ಅಂತ ಎಷ್ಟೋ ಜನ ಜಾವಾಸ್ಕ್ರಿಪ್ಟನ್ನು ಬೈಯುತ್ತಾರೆ. ಅದು ಜಾವಾಸ್ಕ್ರಿಪ್ಟ್‌ನದಲ್ಲ, ಪೈಥಾನ್, ಜಾವಾದಲ್ಲೂ ಅದೇ ಬರುತ್ತದೆ. ಹತ್ತನೇ ಒಂದು ಭಾಗ ಎರಡರ ಪದ್ಧತಿಯಲ್ಲಿ ಮುಗಿಯುವುದೇ ಇಲ್ಲ, ಮೂರನೇ ಒಂದು ಭಾಗ ನಮ್ಮ ಹತ್ತರ ಪದ್ಧತಿಯಲ್ಲಿ ಮುಗಿಯದ ಹಾಗೆ. ರೂಪಾಯಿ ಲೆಕ್ಕವನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆ ಮಾಡಿ ಇಡಬೇಕು ಅನ್ನುವುದನ್ನು ನಾವು ಕಲಿಯಬೇಕು. ಸಿಯ ಗಡಿಬಿಡಿಗೂ ಕಾರಣ ಇದೆ. ಪ್ರತಿ ಸಲ ಗಡಿ ಪರೀಕ್ಷೆ ಮಾಡಿದರೆ ಆಗಿನ ಯಂತ್ರಗಳಲ್ಲಿ ಕೆಲಸ ಬಹಳ ನಿಧಾನ ಆಗುತ್ತಿತ್ತು.

ಆದರೆ ಜಾವಾದಲ್ಲಿ ನನ್ನ ಒಂದು ವಾರ ತಿಂದದ್ದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ. ನೌಕರರ ನಂಬರ್‌ಗಳು ಒಂದು ಪಟ್ಟಿಯಲ್ಲಿ. ಎರಡು ಪಟ್ಟಿಯ ನಂಬರ್ ಒಂದೇನಾ ಅಂತ == ಹಾಕಿ ನೋಡಿದೆ. ಪರೀಕ್ಷೆಗೆ ನೂರು ಜನರ ಡೇಟಾ, ಎಲ್ಲಾ ಪಾಸ್. ನಿಜವಾದ ಡೇಟಾ ಹಾಕಿದರೆ 127ನೇ ನಂಬರಿನ ತನಕ ಸರಿ, 128ರಿಂದ ಯಾರೂ ಸಿಗುವುದಿಲ್ಲ. ಪಟ್ಟಿಯೊಳಗೆ ಸಂಖ್ಯೆ ಇಡುವಾಗ ಜಾವಾ ಅದನ್ನು ಒಂದು ಆಬ್ಜೆಕ್ಟ್ ಮಾಡುತ್ತದೆ. == ಹೋಲಿಸುವುದು ಆಬ್ಜೆಕ್ಟ್ ಅದೇನಾ ಅಂತ, ಬೆಲೆ ಅದೇನಾ ಅಂತಲ್ಲ. ಮೈನಸ್ 128ರಿಂದ 127ರ ತನಕ ಮಾತ್ರ ಒಂದೇ ಆಬ್ಜೆಕ್ಟನ್ನು ಮತ್ತೆ ಮತ್ತೆ ಕೊಡುತ್ತದೆ, ಅದಕ್ಕೆ ಅಲ್ಲಿ ತನಕ ಸರಿ ಅನಿಸುತ್ತದೆ. 2004ರಲ್ಲಿ ಜಾವಾ 5 ಬಂದಾಗ ಸೇರಿದ ಅನುಕೂಲದ ಜೊತೆ ಬಂದ ತೊಡಕು ಇದು. ಬೆಲೆಯನ್ನೇ ಹೋಲಿಸುವ ಈಕ್ವಲ್ಸ್ ಬಳಸಿದ ಮೇಲೆ ಸರಿಹೋಯಿತು. ಇದಕ್ಕೆ ಯಾವ ಸಮರ್ಥನೆಯೂ ನನಗೆ ಸಿಕ್ಕಿಲ್ಲ.

ಒಂದು ಒಳ್ಳೆಯ ಮಾತು ಹೇಳಿ ಮುಗಿಸುತ್ತೇನೆ. ನಲ್, ಅಂದರೆ ಇಲ್ಲಿ ಏನೂ ಇಲ್ಲ ಅನ್ನುವ ಗುರುತನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದವರು ಟೋನಿ ಹೋರ್. ಮಾಡುವುದು ಸುಲಭ ಅಂತ ಸೇರಿಸಿದ್ದು. 2009ರಲ್ಲಿ ಅವರೇ ವೇದಿಕೆ ಮೇಲೆ ನಿಂತು ಇದು ನನ್ನ ನೂರು ಕೋಟಿ ಡಾಲರಿನ ತಪ್ಪು ಅಂತ ಒಪ್ಪಿಕೊಂಡರು. ಅಷ್ಟು ದೊಡ್ಡ ಮನುಷ್ಯರು ಒಪ್ಪಿಕೊಂಡದ್ದನ್ನು ನಾನು ಬಹಳ ಗೌರವಿಸುತ್ತೇನೆ.

---

ಸಂಜೆ_ಕ್ಲಾಸ್ (ಕಲಬುರಗಿ)

ಸೇಡಂ ಅಣ್ಣಾ, ದಶಮಾಂಶದ ಮಾತು ಒಪ್ಪಿದೆ, ಅದು ಗಣಿತದ್ದೇ. ಆದರೆ "ನಾವು ಕಲಿಯಬೇಕು" ಅನ್ನುವುದರಲ್ಲಿ ನನಗೆ ಸ್ವಲ್ಪ ತಕರಾರಿದೆ. ಕಲಿಯಬೇಕಾದ್ದು ಇದೆ ಅಂತ ಗೊತ್ತಾಗುವುದಾದರೂ ಹೇಗೆ? ಆ ಹುಡುಗಿಗೆ ಕಂಪ್ಯೂಟರ್ ಒಂದು ಮಾತು ಹೇಳಿದ್ದರೆ ಐದು ನಿಮಿಷದಲ್ಲಿ ಹುಡುಕಿಕೊಳ್ಳುತ್ತಿದ್ದಳು. ನಿಮ್ಮ ಪಕ್ಕ ಕೇಳಲಿಕ್ಕೆ ಹತ್ತು ಜನ ಇದ್ದಾರೆ. ಅವಳು ಊರಿಗೆ ಹೋದ ಮೇಲೆ ಕೇಳಲಿಕ್ಕೆ ಯಾರೂ ಇಲ್ಲ. ಭಾಷೆಯೇ ಮಾತಾಡದಿದ್ದರೆ ಅವಳು ತನ್ನನ್ನೇ ದಡ್ಡಿ ಅಂದುಕೊಳ್ಳುತ್ತಾಳೆ, ಅಲ್ವಾ.

ಕಾಗಿಣಾ ಅವರು ಹೇಳಿದ್ದನ್ನು ನಿನ್ನೆಯೇ ಮಾಡಿಸಿದೆ. "ವಿಕಟಕವಿ" ಅಲ್ಲ ಅಂತ ಬಂದಾಗ ಮಕ್ಕಳು ಕಂಪ್ಯೂಟರ್ ಜೊತೆ ಜಗಳಕ್ಕೇ ನಿಂತರು. ಒಬ್ಬ ಹುಡುಗ ಏಳು ತುಂಡನ್ನೂ ಬೋರ್ಡ್ ಮೇಲೆ ಬಿಡಿಸಿ ಬರೆದು, ಗುಡಿಸು ಎಲ್ಲಿಗೆ ಹೋಯಿತು ಅಂತ ಬಾಣ ಹಾಕಿ ತೋರಿಸಿದ. ಪುಟ ಮಾಡಿದ ಹುಡುಗಿಯೂ ಬಂದಿದ್ದಳು. ಈಗ ಅವಳ ಸಾರ್ಟ್‌ನೊಳಗೆ ಎ ಮೈನಸ್ ಬಿ ಅಂತ ಹೋಲಿಸುವ ಸಾಲು ಇದೆ, ಮೇಲೆ ಕನ್ನಡದಲ್ಲೇ ಕಾಮೆಂಟ್ ಹಾಕಿದ್ದಾಳೆ: "ಇದನ್ನು ತೆಗೆಯಬೇಡಿ, 100 ಮತ್ತು 9 ಹಾಕಿ ನೋಡಿ."

ಇನ್ನು ಮುಂದೆ ನಾನು ಕೊಡುವ ಪರೀಕ್ಷೆಯ ಡೇಟಾದಲ್ಲಿ ಒಂದಂಕಿ, ಮೂರಂಕಿ, 128, ಒಂದು ಮೊಬೈಲ್ ನಂಬರ್, ಆಗಸ್ಟ್ ತಿಂಗಳ ಒಂದು ತಾರೀಖು, ಒತ್ತಕ್ಷರದ ಒಂದು ಊರು ಇಷ್ಟೂ ಇರುತ್ತವೆ. ಜೇವರ್ಗಿ ಸರ್ ಹೇಳಿದ 12/2 ಕೂಡ.

ಬೀದರ್ ಅಣ್ಣಾ, ನಿಮ್ಮ ಸ್ಕ್ರಿಪ್ಟ್ ಕೊನೆಗೆ ಹೇಗೆ ತಿದ್ದಿದಿರಿ ಅಂತ ಹೇಳಲೇ ಇಲ್ಲ.

---

ಕೋಟೆ_ಸರ್ವರ್ (ಬೀದರ್)

ಹೌದಲ್ಲ ಮೇಡಂ, ಮರೆತೆ. ತಿಂಗಳ ವೇರಿಯಬಲ್ ಮುಂದೆ 10# ಅಂತ ಹಾಕಿದರೆ "ಇದು ಹತ್ತರ ಪದ್ಧತಿ" ಅಂತ ಬ್ಯಾಷ್‌ಗೆ ಹೇಳಿದ ಹಾಗೆ, ಆಗ 08 ಬಂದರೂ ಎಂಟೇ. ಒಂದು ಎಚ್ಚರ. 10# ಆದ ಮೇಲೆ ವೇರಿಯಬಲ್ಲಿನ ಡಾಲರ್ ಚಿಹ್ನೆ ಬಿಡಬೇಡಿ. ಬೇರೆ ಕಡೆ ಲೆಕ್ಕದೊಳಗೆ ಅದಿಲ್ಲದೆಯೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ನಾನು ಅದಕ್ಕೇ ಇನ್ನೊಂದು ಸಂಜೆ ಕಳೆದೆ. ಲಿನಕ್ಸ್‌ನಲ್ಲಿ ಆದರೆ ಡೇಟ್ ಕಮಾಂಡಿಗೇ ಶೇಕಡಾ ಚಿಹ್ನೆ ಆದ ಮೇಲೆ ಒಂದು ಸಣ್ಣ ಗೆರೆ ಹಾಕಿ ಆಮೇಲೆ ಚಿಕ್ಕ ಎಂ (m) ಬರೆಯಿರಿ, ಸೊನ್ನೆ ಇಲ್ಲದೆ ಬರೀ 8 ಅಂತಲೇ ಕೊಡುತ್ತದೆ. ಮಕ್ಕಳಿಗೆ ಎರಡೂ ತೋರಿಸಿ. ಗಂಟೆ ಮತ್ತು ನಿಮಿಷಕ್ಕೂ ಇದೇ ಕಥೆ. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಮಾತ್ರ ಕೆಡುವ ಸ್ಕ್ರಿಪ್ಟ್ ಒಂದು ನಮ್ಮಲ್ಲೇ ಇನ್ನೂ ಇದೆ, ನಾಳೆ ಅದಕ್ಕೆ ಕೈ ಹಾಕುತ್ತೇನೆ.